ಕೋಟಿನ ಗುಂಡಿ ಹೊಲಿದೆಯಾ?

ಸೆಪ್ಟೆಂಬರ್ 3

ಅಮ್ಮಾ,

ಬಂದು ತಲುಪಿದೆ. ಪಿಟೀಲೂ ತಲುಪಿತು. ನೀನು ಮೊದಲು ಯಾವುದನ್ನು ಕೇಳುತ್ತೀಯೋ ಗೊತ್ತಿಲ್ಲದ್ದರಿಂದ ಎರಡನ್ನೂ ಒಟ್ಟಿಗೇ ಬರೆದಿದ್ದೇನೆ. ರೈಲಿನ ಮೇಲಿನ ಬರ್ತ್‌ನಿಂದ ಇಳಿಯುವಾಗ ಕೋಟು ಸರಳಿಗೆ ಸಿಕ್ಕಿಕೊಂಡು ಎದೆಯ ಹತ್ತಿರದ ಗುಂಡಿ ಕಿತ್ತುಹೋಯಿತು. ಸೀಟಿನ ಕೆಳಗೆಲ್ಲ ಹುಡುಕಿದೆ, ಸಿಗಲಿಲ್ಲ. ಬೇರೇನೂ ನಷ್ಟವಾಗಿಲ್ಲ.

ರೂಮಿನಲ್ಲಿ ನನ್ನ ಜೊತೆ ಕೊಳಲು ಕಲಿಯುವವಳೊಬ್ಬಳಿದ್ದಾಳೆ. ಬಂದ ದಿನವೇ ಅವಳಿಗೆ ‘ಊದುಗೊಳವೆ’ ಎಂದು ಹೆಸರಿಟ್ಟೆ. ಅವಳು ನನ್ನ ಪೆಟ್ಟಿಗೆ ನೋಡಿ, “ಹಾಗಾದ್ರೆ ನೀನು ಗರಗಸ” ಅಂದಳು. ಲೆಕ್ಕ ಚುಕ್ತಾ.

ಕಾಲೇಜಿನ ಅಭ್ಯಾಸದ ಕೋಣೆಗಳು ನೆಲಮಾಳಿಗೆಯಲ್ಲಿವೆ, ರೈಲುಡಬ್ಬಿಗಳ ಹಾಗೆ ಸಾಲಾಗಿ. ಒಳಗೆ ಒಂದು ಹಳೇ ಪಿಯಾನೋ, ಒಂದು ಕುರ್ಚಿ, ಒಂದು ಸ್ಟ್ಯಾಂಡು. ಬಾಗಿಲಲ್ಲಿ ಅಂಗೈಯಗಲ ಗಾಜು. ಗೋಡೆಗಳು ಎಷ್ಟು ತೆಳುವೆಂದರೆ ಪಕ್ಕದವರು ಪುಟ ತಿರುಗಿಸಿದ್ದೂ ಕೇಳಿಸುತ್ತದೆ. ನಿನ್ನೆ ಯಾರೋ ನಾನು ಕಲಿಯುತ್ತಿರುವುದನ್ನೇ ನುಡಿಸುತ್ತಿದ್ದರು, ನೀರು ಕುಡಿದಷ್ಟು ಸಲೀಸಾಗಿ. ಅವರು ಮುಗಿಸಿ ಹೋಗುವವರೆಗೂ ನಾನು ಕಮಾನು ಎತ್ತಲಿಲ್ಲ. ಕೇಳುವುದೂ ಕಲಿಕೆಯೇ ತಾನೇ?

ಇನ್ನೊಂದು ವಿಷಯ. ಇಲ್ಲಿ ಸಿಗ್ನಲ್ ಸರಿಯಾಗಿ ಸಿಗುವುದಿಲ್ಲ. ಮೊನ್ನೆ ನಿಲ್ದಾಣದಿಂದ ಫೋನ್ ಮಾಡಿದಾಗಲೂ ಗಲಾಟೆಯಲ್ಲಿ ನಿನಗೆ ಏನೂ ಕೇಳಿಸಿರಲಿಕ್ಕಿಲ್ಲ. ಅದಕ್ಕೆ ನಾವು ಪತ್ರ ಬರೆಯೋಣ. ನೀನೂ ಅಪ್ಪನೂ ಹಾಗೇ ತಾನೇ ಸಂಸಾರ ಮಾಡಿದ್ದು?

ಅಭ್ಯಾಸದ ಲೆಕ್ಕಕ್ಕೆ ನೀನು ಕೊಟ್ಟ ಗುಂಡಿಗಳ ಡಬ್ಬಿಯನ್ನು ಎಲ್ಲಕ್ಕಿಂತ ಮೊದಲು ಬಿಚ್ಚಿಟ್ಟಿದ್ದೇನೆ. ಇಲ್ಲಿ ಎಲ್ಲಾ ಚೆನ್ನಾಗಿದೆ.

ನಿನ್ನ ಕೀಚಿ


ಸೆಪ್ಟೆಂಬರ್ 14

ಕೀಚೀ,

ಪತ್ರ ನೋಡಿ ಖುಷಿಯಾಯಿತು. ಹಡಗಿನ ಅಡುಗೆಯವನನ್ನು ಕಟ್ಟಿಕೊಂಡವಳಿಗೆ ಪತ್ರ ಹೊಸದಲ್ಲ. ಒಂದೇ ಒಂದು ಮಾತು: ನಿಮ್ಮಪ್ಪನ ಪತ್ರಗಳಲ್ಲಿ ಸಮುದ್ರ ಯಾವತ್ತೂ ಶಾಂತವಾಗಿಯೇ ಇರುತ್ತದೆ. ಆ ಚಾಳಿ ನೀನು ಕಲಿಯಬೇಡ.

ಕೆಳಗಿನ ಟೈಲರ್ ನಿನ್ನನ್ನು ಕೇಳಿದ. ನೀನು ಐದು ವರ್ಷದವಳಿದ್ದಾಗ ಮೊದಲ ಸಲ ಕಮಾನು ಎಳೆದದ್ದಕ್ಕೆ ಅವನು ಮಷಿನ್ ನಿಲ್ಲಿಸಿ ಮೇಲೆ ಬಂದು, “ಆ ಬಾಗಿಲಿಗೆ ಸ್ವಲ್ಪ ಎಣ್ಣೆ ಬಿಡಿ, ಕೀಚ್ ಅಂತಿದೆ” ಅಂದಿದ್ದನಲ್ಲ, ಅದನ್ನು ಈಗಲೂ ಬಂದ ಗಿರಾಕಿಗಳಿಗೆಲ್ಲ ಹೇಳಿ ನಗುತ್ತಾನೆ. “ಆ ಕೀಚಿ ಈಗ ದೊಡ್ಡ ಕಾಲೇಜಲ್ಲಿದ್ದಾಳೆ” ಎಂದು ಬಾಲ ಸೇರಿಸುತ್ತಾನೆ.

ಈಗ ಹೊಸಿಲು ದಾಟುತ್ತೇನೆ. ನಿನಗೆ ನಮ್ಮ ಮನೆಯ ಕಾನೂನು ಗೊತ್ತೇ ಇದೆ: ಹೊಸಿಲ ಈಚೆ ನಾನು ಅಮ್ಮ, ಪಾಠದ ಕೋಣೆಯೊಳಗೆ ಟೀಚರ್. ಟೀಚರ್ ಹೇಳುವುದೇನೆಂದರೆ, ಪಕ್ಕದ ಕೋಣೆಯವರನ್ನು ಕೇಳುತ್ತಾ ಕೂತರೆ ನಿನ್ನ ಕೈ ಕಲಿಯುವುದಿಲ್ಲ. ಇಲ್ಲಿ ಮಾಡುತ್ತಿದ್ದ ಹಾಗೇ ಹತ್ತು ಗುಂಡಿಗಳನ್ನು ಸ್ಟ್ಯಾಂಡಿನ ಎಡಗಡೆ ಇಡು. ಕಷ್ಟದ ಸಾಲನ್ನು ತಪ್ಪಿಲ್ಲದೆ ಒಮ್ಮೆ ನುಡಿಸಿದರೆ ಒಂದು ಗುಂಡಿ ಬಲಕ್ಕೆ. ಒಂದೇ ಒಂದು ಸ್ವರ ತಪ್ಪಿದರೂ ಎಲ್ಲ ಗುಂಡಿಗಳೂ ವಾಪಸ್ಸು ಎಡಕ್ಕೆ. ಹತ್ತೂ ದಾಟಿದ ಮೇಲೇ ಏಳುವುದು. ಈ ಕೋಣೆಯಲ್ಲಿ ಕಲಿತ ಮಕ್ಕಳೆಲ್ಲ ನನ್ನನ್ನು ಬೈದುಕೊಳ್ಳುತ್ತಲೇ ಹೀಗೆ ಕಲಿತದ್ದು.

ಮತ್ತೆ ಈಚೆ ಬಂದೆ. ಕೋಟಿಗೆ ಒಂದು ಗುಂಡಿ ಹೊಲಿದುಕೋ. ಚಳಿಗಾಲ ಬರುವ ಮುಂಚೆ.

ಅಮ್ಮ


ಅಕ್ಟೋಬರ್ 12

ಅಮ್ಮಾ,

ವಾದ್ಯವೃಂದದಲ್ಲಿ ಜಾಗ ಹಂಚಿದರು. ನನ್ನದು ಕಟ್ಟಕಡೆಯ ಸಾಲು, ಗೋಡೆಗೆ ಒರಗಿಕೊಂಡು. “ಅಲ್ಲಿ ಒರಗಕ್ಕಾದ್ರೂ ಆಗತ್ತೆ ಬಿಡೇ” ಎಂದು ಊದುಗೊಳವೆ ಸಮಾಧಾನ ಹೇಳಿದಳು. ಅವಳು ಎರಡನೇ ಸಾಲು.

ನಮ್ಮ ಪ್ರೊಫೆಸರಿಗೆ ಹುಡುಗರು ‘ಗಡಿಯಾರ’ ಎನ್ನುತ್ತಾರೆ. ಪಾಠ ಶುರುವಾಗುವ ಮುಂಚೆ ಕೈಗಡಿಯಾರ ಬಿಚ್ಚಿ ಪಿಯಾನೋ ಮೇಲಿಡುತ್ತಾರೆ, ಅದರ ಟಿಕ್ ಟಿಕ್ ಕೇಳುತ್ತಲೇ ನುಡಿಸಬೇಕು. ಡಿಸೆಂಬರ್ ಪರೀಕ್ಷೆಗೆ ಅವರು ಕೊಟ್ಟಿರುವ ಕೃತಿಯ ಮೂರನೇ ಪುಟದಲ್ಲಿ ನಾಲ್ಕು ಸಾಲಿನ, ವೇಗದ ಸ್ವರಗಳ ಒಂದು ಓಟವಿದೆ. ಅದು ನನ್ನ ಜೀವ ತಿನ್ನುತ್ತಿದೆ. ಗುಂಡಿಗಳು ಏಳರವರೆಗೆ ದಾಟುತ್ತವೆ, ಎಂಟನೆಯದಕ್ಕೆ ಬೆರಳು ಜಾರುತ್ತದೆ. ಮತ್ತೆ ಎಲ್ಲವೂ ಎಡಕ್ಕೆ.

ಹತ್ತೂ ದಾಟದೆ ಏಳುವ ಹಾಗಿಲ್ಲವಲ್ಲ, ಅದಕ್ಕೆ ಎಷ್ಟೋ ಸಲ ಊಟದ ಹೊತ್ತೇ ದಾಟಿಹೋಗಿರುತ್ತದೆ. ಒಂದು ರೀತಿ ಒಳ್ಳೆಯದೇ, ಕ್ಯೂ ನಿಲ್ಲುವುದು ತಪ್ಪಿತು. ಊದುಗೊಳವೆ ಈಗ ನನ್ನನ್ನು ‘ವಾಚ್‌ಮನ್’ ಎಂದು ಕರೆಯುತ್ತಾಳೆ. ಅವಳು ಮಲಗುವಾಗಲೂ ಏಳುವಾಗಲೂ ನನ್ನ ಕಣ್ಣು ತೆರೆದೇ ಇರುತ್ತದಂತೆ. ದವಡೆಯ ಕೆಳಗೆ ಪಿಟೀಲು ಒತ್ತಿ ಒತ್ತಿ ಕಪ್ಪು ಗುರುತು ಬಿದ್ದಿದೆ, ನಿನಗಿರುವ ಹಾಗೇ.

ಒಂದು ಕೇಳಲಾ ಅಮ್ಮಾ? ನಿನಗೆ ಯಾವತ್ತಾದರೂ ಪಿಟೀಲಿನ ಪೆಟ್ಟಿಗೆ ತೆಗೆಯುವುದಕ್ಕೆ ಹೆದರಿಕೆ ಆಗಿತ್ತಾ? ಸೋಮಾರಿತನವಲ್ಲ, ಹೆದರಿಕೆ. ಸುಮ್ಮನೆ ಕೇಳಿದೆ.

ಕೀಚಿ


ಅಕ್ಟೋಬರ್ 24

ಕೀಚೀ,

ಕೊನೆಯ ಸಾಲಾದರೇನು, ಆಳಾಗಬಲ್ಲವನು ಅರಸಾಗಬಲ್ಲ. ನೀನು ಕಳಿಸಿದ ವಾದ್ಯವೃಂದದ ಫೋಟೋವನ್ನು ಪಾಠದ ಕೋಣೆಯಲ್ಲಿ ಅಂಟಿಸಿದ್ದೇನೆ. ನಿನ್ನ ಮುಖ ಮುಂದಿನವನ ಕಿವಿಯ ಹಿಂದೆ ಅರ್ಧ ಮಾತ್ರ ಕಾಣುತ್ತದೆ, ಆದರೂ ಮಕ್ಕಳಿಗೆ ಬೆರಳಿಟ್ಟು ತೋರಿಸುತ್ತೇನೆ. “ನೋಡಿ, ಈ ಅಕ್ಕ ಊಟ ಬಿಟ್ಟು ಅಭ್ಯಾಸ ಮಾಡ್ತಾಳೆ. ನೀವೋ, ತಿಂಡಿ ಡಬ್ಬಿ ತೆಗೆಯಕ್ಕೆ ಅಭ್ಯಾಸ ಬಿಡ್ತೀರ” ಎಂದು ಹಂಗಿಸುತ್ತೇನೆ.

ಎಂಟನೆಯದಕ್ಕೆ ಜಾರುವುದು ಬೆರಳಿನ ತಪ್ಪಲ್ಲ, ಏಳು ದಾಟಿತಲ್ಲ ಎಂಬ ಜಂಬದ ತಪ್ಪು. ಓಟವನ್ನು ಅರ್ಧ ವೇಗಕ್ಕೆ ಇಳಿಸಿ ಮತ್ತೆ ಕಟ್ಟು. ಹೆದರಿಕೆ ಗಿದರಿಕೆ ಅಂತ ತಲೆ ಕೆಡಿಸಿಕೊಳ್ಳಬೇಡ. ಹಾಡುತ್ತಾ ಹಾಡುತ್ತಾ ರಾಗ, ನರಳುತ್ತಾ ನರಳುತ್ತಾ ರೋಗ. ದವಡೆಯ ಗುರುತಿಗೆ ಒಂದು ಮೆತ್ತನೆಯ ಬಟ್ಟೆ ಇಟ್ಟುಕೋ.

ಅಂದಹಾಗೆ, ಕೋಟಿನ ಗುಂಡಿ ಹೊಲಿದೆಯಾ? ಅಷ್ಟು ದೊಡ್ಡ ಊರಿನಲ್ಲಿ ಒಂದು ಗುಂಡಿ ಸಿಗುವುದಿಲ್ಲವೇ?

ಅಮ್ಮ


ನವೆಂಬರ್ 20

ಟೀಚರ್‌ಗೆ,

ಪತ್ರ ತಡವಾದದ್ದಕ್ಕೆ ಕ್ಷಮೆ ಇರಲಿ. ಅಭ್ಯಾಸ ನಡೆದಿದೆ. ಓಟವನ್ನು ನೀವು ಹೇಳಿದ ಹಾಗೆ ಅರ್ಧ ವೇಗದಿಂದ ಕಟ್ಟುತ್ತಿದ್ದೇನೆ. ಗುಂಡಿಗಳು ದಾಟುತ್ತಿಲ್ಲ. ಪರೀಕ್ಷೆ ಡಿಸೆಂಬರ್ ಎರಡನೇ ವಾರ.

ಇಲ್ಲಿ ಚಳಿ ಹೆಚ್ಚಾಗಿದೆ. ಉಳಿದಂತೆ ಎಲ್ಲಾ ಕ್ಷೇಮ.

ಇಂತಿ


ನವೆಂಬರ್ 29

ನನ್ನ ಶಿಷ್ಯೆಗೆ,

‘ಟೀಚರ್‌ಗೆ’ ಎಂದು ಬರೆದದ್ದು ನೋಡಿ ನಗು ಬಂತು, ಹೆಮ್ಮೆಯೂ ಆಯಿತು. ಗೆಜ್ಜೆ ಕಟ್ಟಿದ ಮೇಲೆ ನಾಚಿಕೆ ಏಕೆ ಎನ್ನುವಂತೆ, ಪರೀಕ್ಷೆ ಹತ್ತಿರ ಬಂದಾಗ ಮಾತು ಕಮ್ಮಿ ಮಾಡಿ ಕೆಲಸಕ್ಕೆ ಕೂತಿದ್ದೀಯ. ಪತ್ರ ಚಿಕ್ಕದಾಯಿತೆಂದು ನನಗೇನೂ ಬೇಜಾರಿಲ್ಲ.

ಗುಂಡಿ ದಾಟುತ್ತಿಲ್ಲ ಎಂದೆಯಲ್ಲ, ಅದನ್ನು ಕೆಳಗೆ ಟೈಲರಿಗೆ ಹೇಳಿದೆ. “ಹತ್ತು ಸಾಲ್ದೇ ಇದ್ರೆ ಇನ್ನು ಹತ್ತು ಕಳ್ಸಿ, ಜೊತೆಗಾರರು ಸಿಕ್ರೆ ಧೈರ್ಯವಾಗಿ ದಾಟ್ತವೆ” ಎಂದು ಕೆಂಪು ಗುಂಡಿಗಳ ಒಂದು ಪೊಟ್ಟಣ ಕೊಟ್ಟ. ಇದರ ಜೊತೆ ಪಾರ್ಸಲ್ ಮಾಡಿದ್ದೇನೆ. ನಿನ್ನ ಹಳೇ ಕಪ್ಪು ಗುಂಡಿಗಳ ಪಕ್ಕ ಚೆಂದ ಕಾಣುತ್ತವೆ. ಇಪ್ಪತ್ತು ದಾಟಿಸಿದವಳಿಗೆ ಪರೀಕ್ಷೆ ಯಾವ ಲೆಕ್ಕ?

ಕೋಟಿನ ಗುಂಡಿ ಹೊಲಿದೆಯಾ ಇಲ್ಲವಾ, ಅದನ್ನಾದರೂ ಬರೆ.

ಟೀಚರ್, ಮತ್ತು ಅವಳ ಹಿಂದೆ ನಿಂತಿರುವ ಅಮ್ಮ


ಡಿಸೆಂಬರ್ 18

ಕೀಚೀ,

ಪರೀಕ್ಷೆ ಮುಗಿದಿರಬೇಕು. ಹೇಗಾಯಿತು? ಓಟ ದಾಟಿದೆಯಾ? ಪಾರ್ಸಲ್ ಸಿಕ್ಕಿತೋ ಇಲ್ಲವೋ ತಿಳಿಸು. ಮಕ್ಕಳು ದಿನಾ ಕೇಳುತ್ತಾರೆ. “ಅಕ್ಕ ಫಸ್ಟ್ ಬಂದ್ರಾ?” ಎಂದು ಒಬ್ಬಳು ಆಗಲೇ ಪೇಡೆಯ ವಸೂಲಿಗೆ ನಿಂತಿದ್ದಾಳೆ.

ಅಮ್ಮ


ಜನವರಿ 2

ಕೀಚೀ,

ಇನ್ನೂ ಪತ್ರವಿಲ್ಲ. ಅಂಚೆಯ ತೊಂದರೆ ಇರಬಹುದು. ಫೋನ್ ಮಾಡೋಣವೆಂದುಕೊಂಡೆ, ಸಿಗ್ನಲ್ ಇಲ್ಲದ ಕಡೆ ನಿನಗೆ ಓಡಾಟ ಯಾಕೆಂದು ಬಿಟ್ಟೆ. ಫಲಿತಾಂಶ ಏನೇ ಆಗಿದ್ದರೂ ಬರೆ. ಬೈಯುವುದಿಲ್ಲ. ಎರಡು ಸಾಲು ಸಾಕು.

ಅಮ್ಮ


ಜನವರಿ 9

ಈ ಪತ್ರ ಅಮ್ಮನಿಗೆ. ಟೀಚರ್‌ಗೆ ತೋರಿಸಬೇಡ.

ಅಮ್ಮಾ, ನಾನು ಪರೀಕ್ಷೆಗೆ ಹೋಗಲೇ ಇಲ್ಲ.

ನಿನ್ನ ಪಾರ್ಸಲ್ ಪರೀಕ್ಷೆಯ ವಾರವೇ ಬಂತು. ತಮಾಷೆಗೆ ಕಳಿಸಿದ್ದೆಂದು ಗೊತ್ತಿತ್ತು. ನಕ್ಕೆ ಕೂಡ, ಊದುಗೊಳವೆಗೆ ತೋರಿಸಿದೆ. ಆದರೆ ಒಮ್ಮೆ ಸ್ಟ್ಯಾಂಡಿನ ಮೇಲೆ ಜೋಡಿಸಿದ ಮೇಲೆ ಅವನ್ನು ತೆಗೆದಿಡಲು ನನ್ನಿಂದ ಆಗಲಿಲ್ಲ. ಇಪ್ಪತ್ತು ಇದ್ದ ಮೇಲೆ ಇಪ್ಪತ್ತೂ ದಾಟಬೇಕು. ಹತ್ತೇ ದಾಟದವಳಿಗೆ ಇಪ್ಪತ್ತು.

ಅದಕ್ಕೂ ಮುಂಚಿನಿಂದಲೇ ನಾನು ಸರಿ ಇರಲಿಲ್ಲ. ಬಂದ ಮೊದಲ ವಾರದಿಂದಲೂ ಸರಿ ಇರಲಿಲ್ಲ. ಎಲ್ಲಕ್ಕೂ ಗುಂಡಿಯ ಲೆಕ್ಕ ಹತ್ತಿಬಿಟ್ಟಿತ್ತು. ಬಾಗಿಲ ಚಿಲಕ ಹತ್ತು ಸಲ ಮುಟ್ಟಿ ನೋಡಬೇಕು, ನಡುವೆ ಯಾರಾದರೂ ಮಾತಾಡಿಸಿದರೆ ಮೊದಲಿನಿಂದ ಶುರು. ಮೆಟ್ಟಿಲು ಹತ್ತುವಾಗ ಎಡವಿದರೆ ಕೆಳಗಿಳಿದು ಮತ್ತೆ ಹತ್ತುತ್ತಿದ್ದೆ. ಊದುಗೊಳವೆ ಏನೇ ಇದು ಎಂದು ಕೇಳಿದರೆ ವ್ಯಾಯಾಮ ಎನ್ನುತ್ತಿದ್ದೆ. ನಿನಗೆ ಬರೆಯಬೇಕೆಂದು ಎಷ್ಟೋ ಸಲ ಕೂತೆ. ಒಮ್ಮೆ ಕೇಳಿಯೂ ಕೇಳಿದೆ. ನೀನು ನರಳುತ್ತಾ ನರಳುತ್ತಾ ರೋಗ ಎಂದು ಬರೆದೆ. ಆಮೇಲೆ ನಾನು ನರಳಲಿಲ್ಲ.

ಪರೀಕ್ಷೆಯ ದಿನ ಬೆಳಿಗ್ಗೆ ನೆಲಮಾಳಿಗೆಗೆ ಇಳಿದೆ. ಹೇಗೋ ಏನೋ, ಅವತ್ತು ಕೈ ಚೆನ್ನಾಗಿ ಓಡುತ್ತಿತ್ತು. ಕೊನೆಯ ಒಂದು ಕೆಂಪು ಗುಂಡಿ ಮಾತ್ರ ಎಡಗಡೆ ಉಳಿದಿತ್ತು. ಆಗ ಬೆರಳು ಜಾರಿತು. ಎಲ್ಲವನ್ನೂ ವಾಪಸ್ಸು ಎಳೆಯುವಾಗ ಮೊಣಕೈ ತಾಗಿ ಸ್ಟ್ಯಾಂಡೇ ಮಗುಚಿಕೊಂಡಿತು. ನೆಲದ ತುಂಬಾ ಗುಂಡಿ. ಹೆಕ್ಕಿ ನೋಡಿದರೆ ಒಂದು ಕಮ್ಮಿ. ಅದು ಪಿಯಾನೋದ ಕೆಳಗೆ ಗೋಡೆಯವರೆಗೂ ಉರುಳಿತ್ತು. ಕಣ್ಣಿಗೆ ಕಾಣುತ್ತಿತ್ತು, ಕೈಗೆ ಎಟುಕುತ್ತಿರಲಿಲ್ಲ. ಮೇಲಿನ ಮಹಡಿಯಲ್ಲಿ ನನ್ನ ಹೆಸರು ಕೂಗುವ ಹೊತ್ತಾಯಿತೆಂದು ಗೊತ್ತು. ಆದರೂ ಕೆನ್ನೆಯನ್ನು ನೆಲಕ್ಕೆ ಒತ್ತಿಕೊಂಡು ಆ ಗುಂಡಿಯನ್ನೇ ನೋಡುತ್ತಾ ಮಲಗಿದ್ದೆ.

ಊದುಗೊಳವೆ ಬಾಗಿಲ ಗಾಜಿನಲ್ಲಿ ಇಣುಕಿ ಒಳಗೆ ಓಡಿಬಂದಳು. “ಏನೇ ಮಾಡ್ತಿದ್ದೀಯ ಇಲ್ಲಿ? ನಿನ್ ಹೆಸ್ರು ಎರಡು ಸಲ ಕೂಗಿದ್ರು!”

“ಒಂದು ಗುಂಡಿ ಸಿಗ್ತಿಲ್ಲ ಕಣೇ” ಅಂದೆ.

ಅವಳು ನಗುತ್ತಾಳೆಂದುಕೊಂಡಿದ್ದೆ. ನಗಲಿಲ್ಲ. ನನ್ನ ಪಕ್ಕ ನೆಲದ ಮೇಲೆ ಕೂತು, “ಆಯ್ತು, ಇಬ್ರೂ ಇಲ್ಲೇ ಇರೋಣ” ಅಂದಳು. ಆಮೇಲೆ ಅವಳೇ ಕಾಲೇಜಿನ ಕೌನ್ಸೆಲರ್ ಹತ್ತಿರ ಕೈ ಹಿಡಿದು ಕರೆದುಕೊಂಡು ಹೋದಳು.

ಕೌನ್ಸೆಲರ್ ನಿನ್ನ ವಯಸ್ಸಿನವರು, ಮಾತಿಗೆ ಅವಸರವಿಲ್ಲ. ಡಾಕ್ಟರ ಹತ್ತಿರವೂ ಕಳಿಸಿದರು. ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ, ಈಗ ನಿದ್ದೆ ಬರುತ್ತದೆ. ಮೊದಲು ಊಟ, ಆಮೇಲೆ ಪಿಟೀಲು ಎಂದಿದ್ದಾರೆ. ಸದ್ಯಕ್ಕೆ ಊಟ ಮಾತ್ರ ನಡೆದಿದೆ, ಪೆಟ್ಟಿಗೆ ಮಂಚದ ಕೆಳಗಿದೆ. ಇನ್ನೊಂದು ಮನೆಪಾಠ ಕೊಟ್ಟಿದ್ದಾರೆ: ದಿನಕ್ಕೊಮ್ಮೆ ಯಾರಿಗಾದರೂ ನನ್ನ ಬಗ್ಗೆ ಒಂದು ನಿಜ ಹೇಳಬೇಕು. ಇಷ್ಟು ದಿನ ಊದುಗೊಳವೆಗೆ ಹೇಳುತ್ತಿದ್ದೆ. ಇವತ್ತಿನದು ನಿನಗೆ.

ತಪ್ಪೆಲ್ಲಾ ನನ್ನದೇ ಅಮ್ಮಾ. ನಿನ್ನ ಗುಂಡಿಗಳದ್ದಲ್ಲ. ಅದೇ ಕೋಣೆಯಲ್ಲಿ ಅಷ್ಟೊಂದು ಮಕ್ಕಳು ಕಲಿತರು, ಯಾರೂ ಹೀಗಾಗಲಿಲ್ಲ. ಅವರಿಗೆ ನೀನು ನನ್ನ ಫೋಟೋ ತೋರಿಸುವುದು ನೆನೆದರೆ ನಾಚಿಕೆಯಿಂದ ಸಾಯುವ ಹಾಗಾಗುತ್ತದೆ. ಅದನ್ನು ತೆಗೆದುಬಿಡು. ಏಪ್ರಿಲ್‌ನಲ್ಲಿ ಮತ್ತೆ ಪರೀಕ್ಷೆಗೆ ಕೂರಬಹುದಂತೆ. ಕೂರುತ್ತೇನೋ ಇಲ್ಲವೋ ಗೊತ್ತಿಲ್ಲ. ನಿನಗೆ ಮೋಸ ಮಾಡಿದೆ ಅನ್ನಿಸುತ್ತದೆ. ಕ್ಷಮಿಸು.

ಕೀಚಿ


ಜನವರಿ 17

ಮಗಳೇ,

ನಿನ್ನ ಪತ್ರವನ್ನು ಅಡುಗೆಮನೆಯಲ್ಲಿ ನಿಂತು ಓದಿದೆ. ಟೀಚರ್‌ಗೆ ತೋರಿಸಬೇಡ ಎಂದೆಯಲ್ಲ, ಹೊಸಿಲು ದಾಟಲು ಧೈರ್ಯವಾಗಲಿಲ್ಲ. ಮೂರು ಸಲ ಬರೆದು ಹರಿದು ಹಾಕಿ ಇದನ್ನು ಬರೆಯುತ್ತಿದ್ದೇನೆ. ಅವುಗಳಲ್ಲಿ ನಿನ್ನನ್ನು ಸಮಾಧಾನ ಮಾಡುತ್ತಿದ್ದೆ. ಓದಿ ನೋಡಿದರೆ ನನ್ನನ್ನು ನಾನೇ ಸಮಾಧಾನ ಮಾಡಿಕೊಳ್ಳುತ್ತಿದ್ದ ಹಾಗಿತ್ತು.

ನೀನು ಕ್ಷಮೆ ಕೇಳಬೇಡ. ಮೋಸ ಮಾಡಿದವಳು ನಾನು.

ಮೆಟ್ಟಿಲ ಮೇಲಿಂದಲೇ ಯಾವ ಮಗುವಿನ ಯಾವ ತಂತಿ ಇಳಿದಿದೆ ಎಂದು ಹೇಳುವ ಕಿವಿ ನನ್ನದು. ಊರಿಗೆಲ್ಲ ಅದನ್ನು ಹೇಳಿಕೊಂಡು ಮೆರೆದಿದ್ದೇನೆ. ನೀನು ನಿಲ್ದಾಣದಿಂದ ಫೋನ್ ಮಾಡಿದ ದಿನ, “ಬಂದೆ ಅಮ್ಮ, ಎಲ್ಲಾ ಚೆನ್ನಾಗಿದೆ” ಅಂದೆಯಲ್ಲ, ಅದರಲ್ಲಿ ‘ಅಮ್ಮ’ ನಡುಗಿತ್ತು. ಗಲಾಟೆಯಲ್ಲಿ ಕೇಳಿಸಿರಲಿಕ್ಕಿಲ್ಲ ಎಂದು ನೀನು ಬರೆದೆ. ಕೇಳಿಸಿತ್ತು. ಚೆನ್ನಾಗಿ ಕೇಳಿಸಿತ್ತು. ಹೊಸ ಊರು, ಸರಿಹೋಗುತ್ತಾಳೆ ಅಂದುಕೊಂಡೆ. ಆಮೇಲೆ ನೀನು ಪತ್ರ ಬರೆಯೋಣ ಎಂದಾಗ ನನಗೆ ನಿರಾಳವಾಯಿತು. ಸಿಗ್ನಲ್ಲಿನ ಮಾತನ್ನು ನಾನು ನಂಬಲಿಲ್ಲ. ನಂಬಿದ ಹಾಗೆ ಇದ್ದುಬಿಟ್ಟೆ. ಪತ್ರದಲ್ಲಿ ದನಿ ಇರುವುದಿಲ್ಲ, ಕೇಳಿಸಿಕೊಳ್ಳುವ ಗೋಜಿಲ್ಲ. ಮೋಸ ಮಾಡಿದೆ ಎನ್ನುತ್ತೀಯ. ನೀನು ಬಚ್ಚಿಟ್ಟ ಜಾಗ ಗೊತ್ತಿದ್ದೂ ನಾನು ಆ ಕಡೆ ತಿರುಗಿ ನೋಡಲಿಲ್ಲ.

ಡಿಸೆಂಬರಿನಲ್ಲಿ ಪತ್ರ ಬಾರದೆ ಹೋದಾಗ ದಿನಾ ಫೋನ್ ಕೈಗೆತ್ತಿಕೊಳ್ಳುತ್ತಿದ್ದೆ. ನಂಬರ್ ಒತ್ತಿ, ರಿಂಗ್ ಆಗುವ ಮುಂಚೆ ಕಟ್ ಮಾಡುತ್ತಿದ್ದೆ. ನಿನಗೆ ಓಡಾಟ ಯಾಕೆಂದು ಬಿಟ್ಟೆ ಎಂದು ಬರೆದದ್ದು ಸುಳ್ಳು. ಏನು ಕೇಳಿಸಿಬಿಡುತ್ತದೋ ಎಂದು ಹೆದರಿದ್ದೆ.

ಅಕ್ಟೋಬರಿನಲ್ಲಿ ನೀನು ಕೇಳಿದ ಪ್ರಶ್ನೆಗೆ ಈಗ ಉತ್ತರ ಕೊಡುತ್ತೇನೆ. ಹೌದು, ಹೆದರಿಕೆ ಆಗಿತ್ತು. ನಿನ್ನ ವಯಸ್ಸಿನಲ್ಲಿ ಒಂದಿಡೀ ವರ್ಷ ನಾನು ಪೆಟ್ಟಿಗೆ ತೆರೆಯಲಿಲ್ಲ. ಮಣಿಕಟ್ಟಿನ ನೋವು ಎಂದು ಎಲ್ಲರಿಗೂ ಹೇಳಿದೆ. ನಿಮ್ಮಪ್ಪನಿಗೂ ಅಷ್ಟೇ ಗೊತ್ತು. ನೀನು ಬರೆದ ಆ ಸಾಲು ನೋಡಿದಾಗ ನನ್ನ ಗುಟ್ಟು ರಟ್ಟಾಯಿತೇನೋ ಎನ್ನುವಷ್ಟು ಗಾಬರಿಯಾಯಿತು. ಅದಕ್ಕೇ ಗಾದೆ ಹೇಳಿ ಬಾಯಿ ಮುಚ್ಚಿಸಿದೆ.

ಗುಂಡಿಗಳದ್ದು ತಪ್ಪಲ್ಲ ಎಂದಿದ್ದೀಯ. ನನ್ನ ಗುರುಗಳು ತಪ್ಪಿದಾಗ ಒಂದೇ ಒಂದು ಗುಂಡಿಯನ್ನು ಹಿಂದಕ್ಕೆ ಇಡಿಸುತ್ತಿದ್ದರು. ಎಲ್ಲವನ್ನೂ ಎಳೆಯುವುದು ನಾನು ಮಾಡಿದ ಕಾನೂನು. ನಾನು ಅಂಜಿ ಕೂತಿದ್ದು ಸಾಕು, ನನ್ನ ಕೈಯಲ್ಲಿ ಕಲಿತವರು ಕಲ್ಲಿನ ಹಾಗಿರಬೇಕು ಎಂಬ ಹಟ. ಅದನ್ನು ನಿನ್ನ ಐದನೇ ವರ್ಷದಲ್ಲೇ ನಿನ್ನ ಮೇಲೆ ಶುರು ಮಾಡಿದೆ. ಬೇರೆ ಮಕ್ಕಳು ಪಾಠ ಮುಗಿಸಿ ಅವರವರ ಅಮ್ಮನ ಹತ್ತಿರ ಓಡುತ್ತಿದ್ದರು. ನೀನು ಹೊಸಿಲು ದಾಟಿ ಈಚೆ ಬಂದರೂ ಇಲ್ಲಿ ಇರುತ್ತಿದ್ದವಳು ನಾನೇ.

ಮೊನ್ನೆ ಆ ಪೇಡೆಯ ಹುಡುಗಿ ತಪ್ಪು ಸ್ವರ ಹಾಕಿ, ನಾನು ಹೇಳುವ ಮುಂಚೆಯೇ ಎಲ್ಲ ಗುಂಡಿಗಳನ್ನೂ ಎಳೆಯಲು ಕೈ ಚಾಚಿದಳು. ಕೈ ಹಿಡಿದು, “ಒಂದು ಸಾಕು” ಅಂದೆ. ಅವಳು ನನ್ನ ಮುಖವನ್ನೇ ನೋಡಿ, “ಟೀಚರ್, ನಿಮಗೆ ಹುಷಾರಿಲ್ವಾ?” ಎಂದು ಕೇಳಿದಳು. ಹೌದು, ಹುಷಾರಿಲ್ಲ ಎಂದೆ. ಅವಳಿಗೆ ಪಾಪ, ರಜೆ ಸಿಗುತ್ತದೆಂದು ಖುಷಿಯಾಯಿತು.

ಒಂದು ವಿಷಯ ಮಾತ್ರ ನನ್ನನ್ನು ಬಿಡದೆ ಕಾಡುತ್ತಿದೆ. ಪತ್ರದ ಮೇಲೆ ಪತ್ರದಲ್ಲಿ ಕೋಟಿನ ಗುಂಡಿ ಹೊಲಿದೆಯಾ ಎಂದು ಪೀಡಿಸಿದೆ. ಪಾರ್ಸಲ್ ಕಟ್ಟುವಾಗ ಟೈಲರನ ಅಂಗಡಿಯಲ್ಲೇ ಕೂತಿದ್ದೆ, ಸುತ್ತ ಡಬ್ಬಿಗಟ್ಟಲೆ ಗುಂಡಿಗಳು. ದಾಟಿಸುವುದಕ್ಕೆ ಹತ್ತು ಕಳಿಸಿದೆ. ಕೋಟಿಗೊಂದು ಕಳಿಸಬೇಕೆಂದು ನನಗೆ ಹೊಳೆಯಲೇ ಇಲ್ಲ.

ರೈಲು ಹತ್ತಿ ಬರಲಾ? ನೀನು ಬಾ ಎಂದರೆ ಬರುತ್ತೇನೆ, ಬೇಡ ಎಂದರೆ ಇಲ್ಲ. ಏಪ್ರಿಲ್‌ನ ಪರೀಕ್ಷೆಗೆ ಕೂತರೂ ಸರಿ, ಪೆಟ್ಟಿಗೆ ಮಂಚದ ಕೆಳಗೇ ಇದ್ದರೂ ಸರಿ. ಫೋಟೋ ತೆಗೆಯುವುದಿಲ್ಲ. ಆದರೆ ಊಟ ಬಿಟ್ಟ ಕಥೆ ಇನ್ನು ಯಾರಿಗೂ ಹೇಳುವುದಿಲ್ಲ. ಊದುಗೊಳವೆಗೆ ನನ್ನ ನಮಸ್ಕಾರ ತಿಳಿಸು. ನಾನು ಮಾಡಬೇಕಾಗಿದ್ದ ಕೆಲಸವನ್ನು ಅವಳು ಮಾಡಿದಳು.

ಅಮ್ಮ


ಫೆಬ್ರವರಿ 6

ಅಮ್ಮಾ,

ನಿನ್ನ ಪತ್ರ ಓದಿ ಸಿಟ್ಟು ಬಂತು. ಇದು ಇವತ್ತಿನ ನಿಜ. ಕೇಳಿಸಿತ್ತು ಎಂದು ಬರೆದಿದ್ದೀಯಲ್ಲ, ಅಲ್ಲಿಗೆ ನಿಲ್ಲಿಸಿ ಪತ್ರವನ್ನು ದಿಂಬಿನ ಕೆಳಗೆ ತುರುಕಿ ಎರಡು ದಿನ ಮುಟ್ಟಲಿಲ್ಲ. ಊದುಗೊಳವೆಯ ಮೇಲೆಲ್ಲ ರೇಗಿದೆ. ಕೌನ್ಸೆಲರ್ ಹತ್ತಿರ ಹೋಗಿ, ನಮ್ಮಮ್ಮನ ಮೇಲೆ ಕೋಪ ಬರುತ್ತಿದೆ, ಹಾಗೆ ಬರುವುದು ಪಾಪವಲ್ಲವೇ ಎಂದು ಕೇಳಿದೆ. “ಬರ್ಲಿ ಬಿಡಮ್ಮ, ಅದೂ ಹಸಿವಿನ ಹಾಗೇ, ಬಂದ್ರೆ ಒಳ್ಳೇ ಲಕ್ಷಣ” ಅಂದರು. ಸ್ವಲ್ಪ ಇನ್ನೂ ಇದೆ. ಅದರ ಜೊತೆಗೇ, ನೀನು ಒಂದು ವರ್ಷ ಪೆಟ್ಟಿಗೆ ತೆರೆಯದೆ ಕೂತಿದ್ದನ್ನು ನೆನೆದು ಅತ್ತೆ. ನಿನ್ನ ಪಕ್ಕ ನೆಲದ ಮೇಲೆ ಕೂರಲು ಯಾರೂ ಇರಲಿಲ್ಲವಲ್ಲ.

ಪೆಟ್ಟಿಗೆ ತೆರೆದೆ. ತಂತಿಗಳೆಲ್ಲ ಇಳಿದುಹೋಗಿದ್ದವು, ನೀನಿದ್ದಿದ್ದರೆ ಮೆಟ್ಟಿಲ ಮೇಲಿಂದಲೇ ಬೈಯುತ್ತಿದ್ದೆ. ಈಗ ಊಟವಾದ ಮೇಲೆ ಸ್ವಲ್ಪ ಹೊತ್ತು ನುಡಿಸುತ್ತೇನೆ, ಕೋಣೆಯ ಬಾಗಿಲು ತೆರೆದಿಟ್ಟುಕೊಂಡು. ಹೊತ್ತಾದ ಕೂಡಲೇ ಊದುಗೊಳವೆ ಬಂದು ಎಬ್ಬಿಸುತ್ತಾಳೆ, ಸಾಲು ಅರ್ಧಕ್ಕೆ ನಿಂತಿದ್ದರೂ ಎಳೆದುಕೊಂಡು ವಾಕಿಂಗ್ ಹೋಗುತ್ತಾಳೆ. ಗಡಿಯಾರ ಪ್ರೊಫೆಸರಿಗೆ ಕೌನ್ಸೆಲರ್ ಏನು ಹೇಳಿದರೋ, ಮೊನ್ನೆ ಕೈಗಡಿಯಾರ ಬಿಚ್ಚದೆ ಪಾಠ ಮಾಡಿದರು. ಓಟದಲ್ಲಿ ಬೆರಳು ಜಾರಿತು. ನಿಲ್ಲಿಸಲು ಹೋದೆ. “ಮುಂದಕ್ ಹೋಗು” ಅಂದರು. ಹೋದೆ. ತಪ್ಪು ಸ್ವರ ಹಿಂದೆಯೇ ಉಳಿಯಿತು, ನಾನು ಕೊನೆಯವರೆಗೂ ಹೋಗಿ ಮುಟ್ಟಿದೆ. ಅವತ್ತು ಸಂಜೆ ಚಿಲಕವನ್ನು ಮೂರು ಸಲ ಮಾತ್ರ ಮುಟ್ಟಿದೆ. ಏಪ್ರಿಲ್‌ನ ಮಾತು ಏಪ್ರಿಲ್‌ಗೆ.

ಈಗಲೇ ಬರಬೇಡ. ಬಂದರೆ ಇಬ್ಬರೂ ಒಬ್ಬರಿಗೊಬ್ಬರು ಕ್ಷಮೆ ಕೇಳುತ್ತಾ ಕೂರುತ್ತೇವೆ, ಊದುಗೊಳವೆಗೆ ತಲೆನೋವು. ಮಾರ್ಚ್ ಕೊನೆಗೆ ಬಾ.

ಕೋಟಿನ ಗುಂಡಿ ಹೊಲಿದೆ. ಇಷ್ಟು ದಿನ ಎದೆಗೆ ಗಾಳಿ ಹೊಡೆಸಿಕೊಂಡು ಓಡಾಡಿದೆ, ಡಬ್ಬಿಯಲ್ಲಿ ಅಷ್ಟು ಗುಂಡಿ ಇಟ್ಟುಕೊಂಡು. ಅವು ಹಾಕಿಕೊಳ್ಳುವ ಗುಂಡಿಗಳೆಂದು ನನಗೂ ಹೊಳೆದಿರಲಿಲ್ಲ ಅಮ್ಮಾ. ಪಿಯಾನೋ ಕೆಳಗೆ ಉರುಳಿದ್ದ ಆ ಕೆಂಪು ಗುಂಡಿಯನ್ನು ಊದುಗೊಳವೆ ತನ್ನ ಕೊಳಲು ಒರೆಸುವ ಕಡ್ಡಿಯಿಂದ ಎಳೆದು ತೆಗೆದಳು. ಅದನ್ನೇ ಹೊಲಿದೆ. ಕಪ್ಪು ಕೋಟಿಗೆ ಕೆಂಪು ಗುಂಡಿ, ಟೈಲರ್ ನೋಡಿದರೆ ಎದೆ ಬಡಿದುಕೊಳ್ಳುತ್ತಾನೆ. ಉಳಿದವನ್ನು ಡಬ್ಬಿಗೆ ಹಾಕಿ ಅವಳ ಕೈಗೆ ಕೊಟ್ಟಿದ್ದೇನೆ. ಎಲ್ಲಿಟ್ಟಿದ್ದಾಳೋ ನಾನು ಕೇಳಿಲ್ಲ.

ಈ ಭಾನುವಾರ ಮಧ್ಯಾಹ್ನ ಫೋನ್ ಮಾಡು. ಸಿಗ್ನಲ್ ಇಲ್ಲಿ ಮೊದಲಿನಿಂದಲೂ ಚೆನ್ನಾಗಿಯೇ ಇದೆ. ಅಮ್ಮ ಮಾತಾಡಲಿ, ಟೀಚರ್ ಪಕ್ಕದಲ್ಲಿ ಸುಮ್ಮನೆ ಕೂತು ಕೇಳಲಿ. ನನ್ನ ದನಿ ಇನ್ನೂ ಶ್ರುತಿಗೆ ಬಂದಿಲ್ಲ, ಗೊತ್ತಿರಲಿ. ನೀನು ಹಲೋ ಎಂದ ಮೇಲೆ ನಾನು ಸ್ವಲ್ಪ ಹೊತ್ತು ಏನೂ ಹೇಳದಿದ್ದರೆ ಲೈನ್ ಕಟ್ಟಾಯಿತೆಂದು ಇಟ್ಟುಬಿಡಬೇಡ. ನಾನು ಇಲ್ಲೇ ಇರುತ್ತೇನೆ.

ಕೀಚಿ